ಬಡಿಸುವವರಿಗೂ ಬೆಲ್ಟು ಬೇಕು

(ದಿಲ್ಲಿಯ ವಸಂತ್ ಕುಂಜ್‌ನಲ್ಲಿ ಸೇರಿದ್ದ ಕನ್ನಡ ಹೊಟೇಲು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೊಟೇಲು ಕೆಲಸಗಾರರ ಸಭೆಯಲ್ಲಿ ವಿಮಾನದ ಮಾತೇಕೆ ಎಂದು ತಾವು ಕೇಳಬಹುದು. ವಿಮಾನ ನಮಗೆ ದೂರದ ವಸ್ತುವಲ್ಲ. ಇಂದಿರಾ ಗಾಂಧಿ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಈ ವಸಂತ್ ಕುಂಜ್‌ನ ಮಾಳಿಗೆಗಳ ಮೇಲೆಯೇ ಹಾಯುತ್ತವೆ. ಊರಿಗೆ ಹೋಗಲು ಎರಡು ರಾತ್ರಿ ರೈಲಿನಲ್ಲಿ ಕಳೆಯುತ್ತಿದ್ದ ನಮ್ಮವರು, ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದ ದಿನ ಸಾಲ ಮಾಡಿಯಾದರೂ ವಿಮಾನ ಹತ್ತುತ್ತಾರೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ: ವಿಮಾನದೊಳಗೆ ತಿಂಡಿ, ಕಾಫಿ ಬಡಿಸುವವರೂ ನಮ್ಮ ಕಸುಬಿನವರೇ.

ಹಾರುತ್ತಿರುವ ವಿಮಾನ ಇದ್ದಕ್ಕಿದ್ದಂತೆ ಏಕೆ ಕುಲುಕುತ್ತದೆ? ಒಲೆಯ ಮೇಲಿನ ಸಾಂಬಾರಿನ ಹಂಡೆಯನ್ನು ನೆನೆಯಿರಿ. ತಳ ಕಾದಾಗ ಸಾಂಬಾರು ನಡುವೆ ಉಕ್ಕಿ ಮೇಲೇಳುತ್ತದೆ, ಬದಿಗೆ ಬಂದು ಕೆಳಗಿಳಿಯುತ್ತದೆ. ಅದರಲ್ಲಿ ಬಿದ್ದ ನುಗ್ಗೇಕಾಯಿ ತುಂಡು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಮೇ ತಿಂಗಳ ಬಿಸಿಲಿಗೆ ದಿಲ್ಲಿಯ ನೆಲ ಕಾದಾಗ ಗಾಳಿಯೂ ಹೀಗೆಯೇ ಕುದಿದು ಗುಡುಗು ಮೋಡಗಳನ್ನು ಕಟ್ಟುತ್ತದೆ. ಮೋಡದೊಳಗಿನ ನೀರ ಹನಿಗಳನ್ನು ವಿಮಾನದ ಮೂತಿಯಲ್ಲಿರುವ ರೇಡಾರು ಗುರುತಿಸಬಲ್ಲದು. ಆದರೆ ಬಹು ಎತ್ತರದಲ್ಲಿ, ಮೋಡವಿಲ್ಲದ ತಿಳಿ ಆಕಾಶದಲ್ಲಿಯೂ, ವೇಗದ ಗಾಳಿ ಮತ್ತು ನಿಧಾನದ ಗಾಳಿ ಒಂದಕ್ಕೊಂದು ಉಜ್ಜುವಲ್ಲಿ ಸುಳಿಗಳೇಳುತ್ತವೆ. ಅವು ರೇಡಾರಿಗೂ ಕಾಣವು.

2025ರ ಮೇ 21ರಂದು ಇದೇ ದಿಲ್ಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೋ ವಿಮಾನ ಪಠಾಣಕೋಟೆಯ ಬಳಿ ಆಲಿಕಲ್ಲಿನ ಬಿರುಗಾಳಿಗೆ ಸಿಕ್ಕಿತು. ಒಳಗೆ ಇನ್ನೂರಕ್ಕೂ ಹೆಚ್ಚು ಜನ. ಒಂದು ಹಂತದಲ್ಲಿ ಅದು ನಿಮಿಷಕ್ಕೆ 8,500 ಅಡಿಯ ವೇಗದಲ್ಲಿ ಕೆಳಗಿಳಿಯಿತು. ಮೂತಿ ಒಡೆದರೂ ಚಾಲಕರು ಅದನ್ನು ಸುರಕ್ಷಿತವಾಗಿ ಶ್ರೀನಗರದಲ್ಲಿ ಇಳಿಸಿದರು. ಪ್ರಯಾಣಿಕರಾರಿಗೂ ಗಾಯವಾಗಲಿಲ್ಲ. ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. 2022ರ ಮೇ 1ರಂದು ಮುಂಬಯಿಯಿಂದ ದುರ್ಗಾಪುರಕ್ಕೆ ಹೋದ ಸ್ಪೈಸ್‌ಜೆಟ್ ವಿಮಾನ ಇಳಿಯುವ ಹೊತ್ತಿನಲ್ಲಿ ಕುಲುಕಿ 14 ಪ್ರಯಾಣಿಕರೂ 3 ಮಂದಿ ಸಿಬ್ಬಂದಿಯೂ ಗಾಯಗೊಂಡರು. ಆ ಪ್ರಯಾಣಿಕರಲ್ಲೊಬ್ಬರು ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಲಂಡನ್ನಿನಿಂದ ಹೊರಟಿದ್ದ ಸಿಂಗಾಪುರ ವಿಮಾನ 2024ರ ಮೇ 21ರಂದು ಬರ್ಮಾದ ಮೇಲೆ ಸುಮಾರು ನಾಲ್ಕೂವರೆ ಸೆಕೆಂಡುಗಳಲ್ಲಿ 178 ಅಡಿ ಕುಸಿಯಿತು. 73 ವರ್ಷದ ಪ್ರಯಾಣಿಕರೊಬ್ಬರು ಅಸುನೀಗಿದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕುಲುಕಾಟಕ್ಕೆ ವಿಮಾನ ಮುರಿಯುವುದು ಬಹಳ ಅಪರೂಪ. ರೆಕ್ಕೆಗಳನ್ನು ಬಾಗುವಂತೆಯೇ ಕಟ್ಟಿರುತ್ತಾರೆ. ಪೆಟ್ಟು ಬೀಳುವುದು ಒಳಗಿರುವ ಮನುಷ್ಯನಿಗೆ. ವಿಮಾನ ಕುಸಿದಾಗ ಬೆಲ್ಟು ಕಟ್ಟದವನು ಅದರೊಡನೆ ಇಳಿಯುವುದಿಲ್ಲ, ಅವನ ತಲೆ ಚಾವಣಿಗೆ ಬಡಿಯುತ್ತದೆ. ಮರುಕ್ಷಣ ನೆಲಕ್ಕೆ ಬೀಳುತ್ತಾನೆ.

ಹಾಗಾದರೆ ಬೆಲ್ಟು ಕಟ್ಟದೆ ನಿಂತಿರುವವರು ಯಾರು? ಬಡಿಸುವವರು! ಅಮೆರಿಕದ ವಿಮಾನಯಾನ ಇಲಾಖೆಯ ಲೆಕ್ಕದಂತೆ 2009ರಿಂದ 2022ರ ವರೆಗೆ ಅಲ್ಲಿ ಕುಲುಕಾಟದಿಂದ ತೀವ್ರವಾಗಿ ಗಾಯಗೊಂಡವರು 163 ಜನ. ಅವರಲ್ಲಿ ಪ್ರಯಾಣಿಕರು 34, ಸಿಬ್ಬಂದಿ 129. ವಿಮಾನದಲ್ಲಿ ನೂರಾರು ಪ್ರಯಾಣಿಕರಿಗೆ ಬೆರಳೆಣಿಕೆಯ ಸಿಬ್ಬಂದಿ. ಆದರೂ ಏಟಿನ ಮುಕ್ಕಾಲು ಪಾಲು ಅವರಿಗೇ. ಕುಳಿತವನಿಗೆ ಪಟ್ಟಿ ಇದೆ, ನಿಂತವನ ಕೈಯಲ್ಲಿ ಬಿಸಿನೀರಿನ ಹೂಜಿ ಇದೆ.

ಬಂಧುಗಳೇ, ಈ ಲೆಕ್ಕ ನಮಗೆ ಹೊಸದಲ್ಲ. ಗಿರಾಕಿ ಕುಳಿತು ಉಣ್ಣುತ್ತಾನೆ. ಒದ್ದೆ ನೆಲದ ಮೇಲೆ ಸಾಂಬಾರಿನ ಬಕೆಟ್ಟು ಹಿಡಿದು ಓಡುವವನು ಮಾಣಿ. ನಮ್ಮಲ್ಲಿ ಮೊಣಕೈಯ ಮೇಲೆ ಸುಟ್ಟ ಕಲೆ ಇಲ್ಲದವರು ಎಷ್ಟು ಮಂದಿ? ಗಿರಣಿಯ ಬಂಧುಗಳು ತಮ್ಮ ಬೆರಳುಗಳನ್ನೇ ನೋಡಿಕೊಳ್ಳಲಿ.

ಆದರೆ ಆಕಾಶದಲ್ಲಿ ಒಂದು ನಿಯಮವಿದೆ. ಗಾಳಿ ಕೆಟ್ಟಿತೆಂದು ಕಂಡರೆ ಚಾಲಕ 'ಕುಳಿತುಕೊಳ್ಳಿ' ಎಂದು ಸಿಬ್ಬಂದಿಗೂ ಅಪ್ಪಣೆ ಕೊಡುತ್ತಾನೆ. ಆಗ ಬಂಡಿಗೆ ಬೀಗ, ಕಾಫಿಗೆ ತಡೆ. ಗಿರಾಕಿ ಎಷ್ಟೇ ದೊಡ್ಡವನಾಗಿರಲಿ, ಕಾಯಬೇಕು. ಸಿಂಗಾಪುರದ ಅನಾಹುತವಾದ ಮೇಲೆ ಆ ಕಂಪೆನಿ, ಬೆಲ್ಟಿನ ದೀಪ ಉರಿಯುತ್ತಿರುವಾಗ ಊಟ ಬಡಿಸುವುದನ್ನೂ ನಿಲ್ಲಿಸಿತು. ಅದಕ್ಕೆ ಮೊದಲು ಬಿಸಿ ಪಾನೀಯಗಳನ್ನು ಮಾತ್ರ ನಿಲ್ಲಿಸುತ್ತಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ಕೊರಿಯನ್ ಏರ್ ಕಂಪೆನಿ, ಸುಟ್ಟ ಗಾಯಗಳಾಗುತ್ತವೆಂದು, ಅಗ್ಗದ ತರಗತಿಯಲ್ಲಿ ಕುದಿನೀರಿನ ನೂಡಲ್ಸ್ ಕೊಡುವುದನ್ನೇ ಬಿಟ್ಟಿತು. ಗಿರಾಕಿಯ ನಾಲಿಗೆಗಿಂತ ಮನುಷ್ಯರ ಚರ್ಮ ಮೇಲೆಂದು ಒಪ್ಪಿದಂತಾಯಿತು. ಇದರಿಂದ ಆ ಕಂಪೆನಿಗಳೇನೂ ಮುಚ್ಚಿಹೋಗಲಿಲ್ಲ.

ಆಕಾಶದಲ್ಲಿ ಸಾಧ್ಯವಾದುದು ನೆಲದ ಮೇಲೆ ಏಕೆ ಸಾಧ್ಯವಾಗದು? ಅಡಿಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದಾಗ, ನೆಲಕ್ಕೆ ಎಣ್ಣೆ ಚೆಲ್ಲಿದಾಗ, ಬಾಯ್ಲರು ಕೆಟ್ಟು ಸದ್ದು ಮಾಡಿದಾಗ 'ನಿಲ್ಲಿಸಿ' ಎನ್ನುವವರು ನಮ್ಮಲ್ಲಿ ಒಬ್ಬರಿರಬೇಕು. ಹಾಗೆ ನಿಲ್ಲಿಸಿದ ಹೊತ್ತಿಗೆ ಸಂಬಳ ಮುರಿಯಬಾರದು, ನಿಲ್ಲಿಸಿದವನನ್ನು ಕೆಲಸದಿಂದ ಕಳಿಸಬಾರದು. ಧನಿಗಳ ಮುಂದೆ ನಾವು ಇಡಬೇಕಾದ ಬೇಡಿಕೆ ಇದು. ಇದು ದಾನವಲ್ಲ, ನ್ಯಾಯ. ಒಬ್ಬನೇ ಕೇಳಿದರೆ ಅವನನ್ನು ಗಲ್ಲಾಪೆಟ್ಟಿಗೆಯ ಮುಂದಿನಿಂದಲೇ ಹೊರಗೆ ಕಳಿಸಿಯಾರು. ಎಲ್ಲರೂ ಕೂಡಿ ಕೇಳಬೇಕು.

ಕೊನೆಯದಾಗಿ, ವಿಮಾನ ಹತ್ತುವ ಬಂಧುಗಳಿಗೆ ಎರಡು ಮಾತು. ದೀಪ ಆರಿದ್ದರೂ ಕುಳಿತಿರುವಷ್ಟು ಹೊತ್ತೂ ಬೆಲ್ಟು ಕಟ್ಟಿಯೇ ಇರಿ. ಮಡಿಲಲ್ಲಿರುವ ಕೂಸಿಗೆ ಬೇರೆ ಬೆಲ್ಟು ಕೇಳಿ ಪಡೆಯಿರಿ. ಮತ್ತು ಕಾಫಿ ಬರಲಿಲ್ಲವೆಂದು ಗಗನಸಖಿಯ ಮೇಲೆ ರೇಗಬೇಡಿ. ಆಕೆ ಕುಳಿತುಕೊಂಡದ್ದು ಸೋಮಾರಿತನದಿಂದಲ್ಲ. ದುಡಿಯುವವಳ ಜೀವಕ್ಕೂ ಬೆಲೆಯಿದೆ ಎಂಬ ನಿಯಮ ಅಲ್ಲಿ ನಡೆಯುತ್ತಿರುವುದರಿಂದ.