ಮಗುವಿನ ಹಾಸಿಗೆಯ ಬಳಿ ಶುಚಿತ್ವ
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣದ ಸಾರ)



ವಾಸಿಯಾಗದ ಬೇನೆಯ ಮಗುವಿಗೆ ಇನ್ನು ಶುಚಿತ್ವದಿಂದೇನು ಪ್ರಯೋಜನವೆಂದು ಕೇಳುವವರುಂಟು. ಪ್ರಯೋಜನವುಂಟು. ನಮಗೆ ಮೂರು ದಿನದ ನೆಗಡಿ, ಆ ಮಗುವಿಗೆ ಪ್ರಾಣಸಂಕಟ. ಉಳಿದ ದಿನಗಳನ್ನು ತಾಯಿಯ ಮಗ್ಗುಲಿನಿಂದ ಆಸ್ಪತ್ರೆಗೆ ಒಯ್ಯಬಲ್ಲದು.

ಭಾರತದ ಮೊದಲ ಹಾಸ್ಪಿಸ್ ಶಾಂತಿ ಅವೇದನಾ ಸದನವು 1986ರಲ್ಲಿ ಬಾಂದ್ರಾದಲ್ಲಿ ತೆರೆಯಿತು. ಮಹಾರಾಷ್ಟ್ರದಲ್ಲಿ 2010ರಲ್ಲಿ ಕೈಗೊಂಡ ಮಕ್ಕಳ ಉಪಶಮನ ಆರೈಕೆಯ ಯೋಜನೆಯು, ಆಗ ಠಾಣೆ ಜಿಲ್ಲೆಗೆ ಸೇರಿದ್ದ ಜವ್ಹಾರಕ್ಕೂ ಬಂತು. ಇಂಥ ಆರೈಕೆಯ ಬಹುಭಾಗ ನಡೆಯುವುದು ಮನೆಯಲ್ಲೇ. ಆದ್ದರಿಂದ ನಿಯಮವೂ ಮನೆಗೆ ಬರಬೇಕು.

ಮೊದಲನೆಯದು ಕೈ. 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ವೈದ್ಯರಿಂದ ಕೈ ತೊಳೆಸಿದಾಗ ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ನಾವೋ ಡೊಂಬಿವಲಿಯ ಲೋಕಲ್ಲಿನ ಹಿಡಿಕೆ ಹಿಡಿದ ಕೈಯಲ್ಲೇ ಮಗುವಿನ ಗಲ್ಲ ಹಿಂಡುತ್ತೇವೆ! ಸಾಬೂನು ಹಚ್ಚಿ, ಬೆರಳ ಸಂದು, ಹೆಬ್ಬೆರಳು, ಉಗುರು ಬಿಡದೆ, 40ರಿಂದ 60 ಸೆಕೆಂಡಿನಲ್ಲಿ ತೊಳೆದು ಒರೆಸಿಕೊಳ್ಳಿ. ನೆಗಡಿ, ಜ್ವರ ಇದ್ದವರು ಆ ದಿನ ಹೋಗಬೇಡಿ; ಫೋನಿನಲ್ಲಿ ಮಾತಾಡಿ.

ಎರಡನೆಯದು ಸೂಜಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಆಸ್ಪತ್ರೆಯಲ್ಲಿ ಸೂಜಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ, ರಕ್ತ ಹತ್ತಿದ ಹತ್ತಿಗೆ ಹಳದಿ ಚೀಲ. ಮನೆಯಲ್ಲಾದರೆ ಸೂಜಿಯನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿಟ್ಟು ನರ್ಸಿನ ಕೈಗೆ ಕೊಡಿ. ಕಸದ ಬುಟ್ಟಿಗೆ ಹಾಕಿದರೆ ಚುಚ್ಚುವುದು ಕಸ ಒಯ್ಯುವವಳ ಕೈಗೆ, ಆಕೆಗೂ ಮಕ್ಕಳಿದ್ದಾರೆ.

ಕೊನೆಯ ಮಾತು. ಶುಚಿಯೆಂದರೆ ಮಡಿಯಲ್ಲ. ಸೋಂಕಿನ ಹೆದರಿಕೆಯಿಂದ ಅಣ್ಣ ತಂಗಿಯರನ್ನು ಬಾಗಿಲಲ್ಲೇ ನಿಲ್ಲಿಸಬೇಡಿ. ಒಂಟಿತನವೂ ಒಂದು ನೋವೇ. ಕೈ ತೊಳೆಯಿರಿ, ಆ ಕೈಯಿಂದಲೇ ಮಗುವಿನ ತಲೆ ಸವರಿರಿ.