ಹತ್ತಿ ಹುಳಕ್ಕೆ ಊರ ಬಾಗಿಲು ಹಾಕೋಣ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಜರುಗಿದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬ ಅಂದರೆ ಸಂತೋಷದ ದಿನ. ಇಂಥ ದಿನ ಹುಳದ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಸಂಘ ಕೊಟ್ಟ ಬೆಳೆಸಾಲ ತಿರುಗಿ ಬರಬೇಕಾದರೆ ಹೊಲದಾಗ ಬೆಳೆ ಉಳಿಯಬೇಕು. ಟಿಕೋಟಾ, ಬಬಲೇಶ್ವರ ಭಾಗದ ಎರಿ ಭೂಮಿಯಲ್ಲಿ ಹತ್ತಿ ಹಾಕಿದ ಮನೆಗಳ ವರ್ಷದ ಲೆಕ್ಕ, ಮಕ್ಕಳ ಫೀಸು, ಮಗಳ ಮದುವೆ, ಎಲ್ಲಾ ಆ ಬಿಳೀ ಅರಳೆಯ ಮೇಲೆ ನಿಂತಿರ್ತದ. ಆದ್ದರಿಂದ ಇವತ್ತು ನಾವು ಗುಲಾಬಿ ಕಾಯಿಕೊರಕ ಹುಳದ ಬಗ್ಗೆ, ಅದನ್ನು ತಡೆಯುವ ನಿರ್ಬಂಧಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

2020ರಲ್ಲಿ 'ಕ್ವಾರಂಟೈನ್' ಎಂಬ ಶಬ್ದ ಹಳ್ಳಿಹಳ್ಳಿಗೂ ಬಂತು. ಶಬ್ದ ಹೊಸದು, ಪದ್ಧತಿ ಹಳೆಯದು. ಹಿಂದೆ ಪ್ಲೇಗ್ ಬಂದಾಗ ನಮ್ಮ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರ್ತಿದ್ದರು. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ದನದ ಸಂತೆಗೆ, ಜಾತ್ರೆಗೆ ಸರಕಾರ ನಿರ್ಬಂಧ ಹಾಕಿತು. ರೋಗ ಇದ್ದ ಜಾಗದಿಂದ ಇಲ್ಲದ ಜಾಗಕ್ಕೆ ಅದನ್ನು ಹೊತ್ತೊಯ್ಯುವ ದಾರಿ ಮುಚ್ಚುವುದು, ಇಷ್ಟೇ ಇದರ ಅರ್ಥ. ಬೆಳೆಗೂ ಇದೇ ಮಾತು ಸಲ್ಲುತ್ತದೆ.

ಒಂದು ಸಂಗತಿ ಕೇಳಿರಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅದರ ಮರುವರ್ಷ, 1906ರಲ್ಲಿ, ಆಗಿನ ಸರಕಾರ ಇನ್ನೊಂದು ಕೆಲಸ ಮಾಡಿತು. ಅಮೇರಿಕೆಯಿಂದ ಬರುವ ಹತ್ತಿ ಅಂಡಿಗೆಗಳಿಗೆ ವಿಷದ ಹೊಗೆ ಕೊಟ್ಟ ಮೇಲೆಯೇ ಒಳಗೆ ಬಿಡಬೇಕು ಎಂದು ಆಜ್ಞೆ ಮಾಡಿತು. ಮೆಕ್ಸಿಕೋ ದೇಶದಿಂದ ಹೊರಟ ಹತ್ತಿಕಾಯಿಯ ಮೂತಿಹುಳ 1890ರ ದಶಕದಲ್ಲಿ ಅಮೇರಿಕೆಯ ಟೆಕ್ಸಾಸ್ ಪ್ರಾಂತಕ್ಕೆ ನುಗ್ಗಿ, ಅಲ್ಲಿನ ಹತ್ತಿ ಸೀಮೆಯನ್ನು ಹಾಳು ಮಾಡುತ್ತ ಸಾಗಿತ್ತು. ಅದು ಮುಂಬೈ ಬಂದರಿಗೆ ಇಳಿದರೆ ನಮ್ಮ ಗತಿ ಏನು ಎಂಬ ಹೆದರಿಕೆಯಿಂದ ಈ ಆಜ್ಞೆ ಬಂತು. 1914ರಲ್ಲಿ ಇಡೀ ದೇಶಕ್ಕೆ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ ಆಯಿತು. ಹೊರದೇಶದಿಂದ ಬರುವ ಗಿಡ, ಬೀಜ, ಹತ್ತಿಗೆ ಈಗ ನಡೆಯುವುದು ಅದೇ ಕಾಯಿದೆಯ ಕೆಳಗೆ ಆದ 2003ರ ಸಸ್ಯ ಸಂಪರ್ಕ ತಡೆ ಆದೇಶ. ಆ ಮೂತಿಹುಳ ಇಂದಿನವರೆಗೂ ನಮ್ಮ ದೇಶದಲ್ಲಿ ನೆಲೆ ಊರಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ಕಾದಿದ್ದರ ಫಲ ಇದರಲ್ಲಿದೆ.

ಇದಕ್ಕೆ ಇನ್ನೊಂದು ಮಗ್ಗಲು ಇದೆ. ಗುಲಾಬಿ ಕಾಯಿಕೊರಕದ ವಿಷಯದಲ್ಲಿ ಹುಳ ಹೊರಗಿನಿಂದ ಬರಲಿಲ್ಲ, ನಮ್ಮಲ್ಲಿಂದ ಹೊರಗೆ ಹೋಯಿತು. 1840ರ ದಶಕದಲ್ಲಿಯೇ ಮುಂಬೈ ಇಲಾಖೆಯ ಭರೂಚದ ಹತ್ತಿಯಲ್ಲಿ ಈ ಹುಳವನ್ನು ಗುರುತಿಸಿ ಹೆಸರಿಟ್ಟಿದ್ದರು. 1906-07ರ ಸುಮಾರಿಗೆ ಇಲ್ಲಿಂದ ಹೋದ ಹತ್ತಿಬೀಜದ ಜೊತೆ ಅದು ಈಜಿಪ್ಟ್ ಸೇರಿತು. ಅಲ್ಲಿಂದ ಮತ್ತೆ ಬೀಜದ ಸಂಗಡ 1911ರಲ್ಲಿ ಮೆಕ್ಸಿಕೋ, 1917ರಲ್ಲಿ ಟೆಕ್ಸಾಸ್ ಮುಟ್ಟಿತು. ಈ ಹುಳ ಸಮುದ್ರ ದಾಟಿದ್ದು ರೆಕ್ಕೆಯಿಂದಲ್ಲ, ಚೀಲದೊಳಗಿನ ಕಾಳಿನಲ್ಲಿ ಮಲಗಿಕೊಂಡು. ಈ ಮಾತು ನೆನಪಿಡಿರಿ, ಮುಂದೆ ಇದೇ ನಮಗೆ ದಾರಿ ತೋರಿಸ್ತದ.

ಅಮೇರಿಕೆಯವರು 1917ರಿಂದಲೇ ನಿರ್ಬಂಧ ಹಾಕಿದರು. ಹುಳ ಇದ್ದ ಸೀಮೆಯಿಂದ ಬೀಜ, ಅರಳೆ, ಯಂತ್ರ ಹೊರಗೆ ಹೋಗಬೇಕಾದರೆ ತಪಾಸಣೆ. ಬೀಜಕ್ಕೆ ಬಿಸಿ ಇಲ್ಲವೆ ಹೊಗೆಯ ಉಪಚಾರ. ಕೆಲವು ಕಡೆ ಹತ್ತಿ ಬಿತ್ತುವುದಕ್ಕೇ ಬಂದಿ. ಮುಂದೆ ಬಿ.ಟಿ. ಹತ್ತಿ, ಗಂಡು ಪತಂಗವನ್ನು ದಾರಿ ತಪ್ಪಿಸುವ ವಾಸನೆ, ವಿಮಾನದಿಂದ ಬಿಟ್ಟ ಬಂಜೆ ಪತಂಗ, ಕಟಾವಿನ ನಂತರ ಕಡ್ಡಾಯವಾಗಿ ಗಿಡ ನಾಶ, ಎಲ್ಲವನ್ನೂ ಒಟ್ಟಿಗೆ ನಡೆಸಿದರು. 2018ರಲ್ಲಿ ತಮ್ಮ ಹತ್ತಿ ಸೀಮೆಯಿಂದ ಈ ಹುಳ ನಿರ್ಮೂಲವಾಯಿತೆಂದು ಸಾರಿದರು. ನೂರಾ ಒಂದು ವರ್ಷ ಹಿಡಿಯಿತು. ಅವರದು ನೂರಾರು ಎಕರೆಯ ಹೊಲ, ನಮ್ಮದು ಎರಡು-ನಾಲ್ಕು ಎಕರೆ. ಅವರ ಹಾಗೆ ವಿಮಾನ ಹಾರಿಸುವುದು ನಮ್ಮ ಕೈಲಿ ಆಗದು. ಆದರೆ ಗಿಡ ಕೀಳುವುದಕ್ಕೆ ವಿಮಾನ ಬೇಕಾಗಿಲ್ಲ.

ಈಗ ಹುಳದ ನಡತೆ ನೋಡೋಣ. ಪತಂಗ ಸಣ್ಣದು, ಬೂದು ಬಣ್ಣದ್ದು, ರಾತ್ರಿ ತಿರುಗುತ್ತದೆ. ಮೊಗ್ಗು, ಹೂ, ಎಳೆಗಾಯಿಯ ಮೇಲೆ ತತ್ತಿ ಇಡುತ್ತದೆ. ಮರಿ ಹೊಕ್ಕ ಹೂವು ಅರಳದೆ ಎಸಳು ಮುದುಡಿ ಗುಲಾಬಿ ಮೊಗ್ಗಿನಂತೆ ನಿಲ್ಲುತ್ತದೆ. ಕಾಯಿ ಹೊಕ್ಕ ಮೇಲೆ ತೂತು ಮುಚ್ಚಿಹೋಗುತ್ತದೆ. ಹೊರಗಿನಿಂದ ಕಾಯಿ ಚೊಲೋನ ಕಾಣ್ತದ, ಒಳಗ ಕಾಳು ಖಾಲಿ. ಔಷಧ ಹೊಡೆದರೆ ಕಾಯಿಯ ಸಿಪ್ಪೆಗೆ ತಾಗುತ್ತದೆ, ಹುಳಕ್ಕೆ ತಾಗುವುದಿಲ್ಲ. ಹಂಗಾಮು ಮುಗಿಯುವ ಹೊತ್ತಿಗೆ ಹುಳ ಎರಡು ಕಾಳನ್ನು ಜೋಡಿಸಿಕೊಂಡು ನಡುವೆ ನಿದ್ದೆಗೆ ಬೀಳುತ್ತದೆ. ಒಣಕಾಯಿ, ಹತ್ತಿಕಟಗಿ, ಜಿನ್ನಿನ ಕಾಳಿನ ರಾಶಿ, ನೆಲದ ಬಿರುಕು, ಎಲ್ಲಿದ್ದರೂ ತಿಂಗಳುಗಟ್ಟಲೆ ಮಲಗಿರಬಲ್ಲದು. ಮಳೆಗಾಲದಲ್ಲಿ ಎದ್ದು ಹೊಸ ಹತ್ತಿ ಹುಡುಕುತ್ತದೆ.

ಆದರೆ ಇದಕ್ಕೆ ಒಂದು ದೌರ್ಬಲ್ಯ ಇದೆ. ಬೆಂಡಿಯಂಥ ಅದೇ ಕುಲದ ಕೆಲವು ಗಿಡ ಬಿಟ್ಟರೆ ಹತ್ತಿಯೇ ಇದರ ಮುಖ್ಯ ಅನ್ನ. ವರ್ಷದಲ್ಲಿ ನಾಲ್ಕೈದು ತಿಂಗಳು ಊರಿನಲ್ಲಿ ಹಸಿರು ಹತ್ತಿಯೇ ಇರದಿದ್ದರೆ ಅದರ ಸಂತತಿಯ ಸರಪಳಿ ಕಡಿಯುತ್ತದೆ.

ನಮ್ಮ ಸಂಘಕ್ಕೂ ಬಿ.ಟಿ. ಹತ್ತಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 2002ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು, 2006ರಲ್ಲಿ ಎರಡು ಜೀನಿನ ತಳಿ ಬಂತು. ಮೊದಮೊದಲು ಕಾಯಿಕೊರಕದ ಕಾಟ ಇಳಿಯಿತು, ಔಷಧದ ಖರ್ಚೂ ಇಳಿಯಿತು. 2010ರಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಹುಳ ಮೊದಲನೇ ತಳಿಯನ್ನು ಜೀರ್ಣಿಸಿಕೊಂಡ ಸುದ್ದಿ ಬಂತು. 2014-15ರ ನಂತರ ಎರಡನೇ ತಳಿಯ ಮೇಲೂ ಬದುಕಿತು. 2017ರಲ್ಲಿ ಮಹಾರಾಷ್ಟ್ರದಲ್ಲಿ ಹಾನಿ ವಿಪರೀತವಾಯಿತು. ಅದೇ ವರ್ಷ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷ ತಾಗಿ ರೈತರು, ಕೂಲಿಕಾರರು ಪ್ರಾಣ ಬಿಟ್ಟರು. 2021ರಲ್ಲಿ ಪಂಜಾಬದ ಭಟಿಂಡಾ, ಮಾನಸಾ ಕಡೆ ಹುಳ ಹತ್ತಿಯನ್ನು ನೆಲಕಚ್ಚಿಸಿತು. ಅಲ್ಲಿಗೆ ಬೇರೆ ರಾಜ್ಯದ ಕಾಳಿನ ಸಂಗಡ, ಜಿನ್ನು ಮತ್ತು ಎಣ್ಣೆ ಗಿರಣಿಗಳ ದಾರಿಯಲ್ಲಿ ಹುಳ ಹೋಗಿರಬೇಕೆಂದು ತಜ್ಞರು ಬೆರಳು ತೋರಿಸಿದರು. ನೂರು ವರ್ಷದ ಹಿಂದಿನ ಈಜಿಪ್ಟಿನ ಕಥೆಯೇ ಮತ್ತೆ ನಡೆದಂತಾಯಿತು.

ಹಾಗಾದರೆ ಕಾಯಿದೆ ಇಲ್ಲವೆ? ಇದೆ. ಹಳೆಯ ಮದ್ರಾಸ್ ಪ್ರಾಂತದಲ್ಲಿ 1919ರ ಕಾಯಿದೆಯ ಕೆಳಗೆ ಕಾಂಬೋಡಿಯಾ ಹತ್ತಿ ಗಿಡಗಳನ್ನು ಗೊತ್ತಾದ ದಿನದೊಳಗೆ ಕಿತ್ತು ಹಾಕಬೇಕೆಂಬ ನಿಯಮ ಮಾಡಿದ್ದರು. ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗ 1947ರ ಮುಂಬೈ ಕೃಷಿ ಕೀಟ ಮತ್ತು ರೋಗಗಳ ಕಾಯಿದೆ ಬಂತು. ಏಕೀಕರಣದ ನಂತರ 1968ರಲ್ಲಿ ನಮ್ಮ ರಾಜ್ಯದ್ದೇ ಕಾಯಿದೆ ಆಯಿತು. ಒಂದು ಕೀಟವನ್ನು ಪೀಡೆಯೆಂದು ಸಾರಿ, ಇಂಥ ಸೀಮೆಯಲ್ಲಿ ಇಂಥ ಕ್ರಮ ಕೈಕೊಳ್ಳಿರಿ ಎಂದು ಆಜ್ಞೆ ಮಾಡುವ ಅಧಿಕಾರ ಸರಕಾರಕ್ಕೆ ಅದರಲ್ಲಿದೆ.

ಆದರೆ ಕಾಯಿದೆ ಒಂದರಿಂದಲೇ ಆಗುವುದಾದರೆ ಕಾಂಗ್ರೆಸ್ ಕಸ ಎಂದೋ ಹೋಗಬೇಕಿತ್ತು. ಆ ಪಾರ್ಥೇನಿಯಂ ಕಳೆಯನ್ನು ಇದೇ ಕಾಯಿದೆಯ ಕೆಳಗೆ ಪೀಡೆಯೆಂದು ಸಾರಿದ್ದರು. ಇವತ್ತು ಯಾವ ಒಡ್ಡಿನ ಮೇಲೆ ಅದು ಇಲ್ಲ ಹೇಳಿರಿ? ಬಂದರಕ್ಕೆ ಒಂದು ಬಾಗಿಲು, ಅಲ್ಲಿ ಒಬ್ಬ ಅಧಿಕಾರಿ ನಿಂತರೆ ಸಾಕು. ಊರಿಗೆ ಬಾಗಿಲೇ ಇಲ್ಲ. ನೂರು ಹೊಲ, ನೂರು ದಾರಿ. ಪ್ರತಿಯೊಬ್ಬನ ಹೊಲಕ್ಕೆ ಪೋಲಿಸರನ್ನು ನಿಲ್ಲಿಸಲಿಕ್ಕೆ ಆಗ್ತದೇನ್ರಿ? ಅಲ್ಲಿ ಬಾಗಿಲು ಕಾಯುವವರು ನಾವೇ ಆಗಬೇಕು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು? ಕೋಟೆಗಳ ಊರಾದ ವಿಜಯಪುರದ ನೆರಳಿನಲ್ಲಿ ಬದುಕಿದ ನಮಗೆ ಈ ಗಾದೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಸಂಘದ ಸದಸ್ಯರೆಲ್ಲ ಕೂಡಿ ಈ ಕಟ್ಟುಪಾಡು ಮಾಡಿಕೊಳ್ಳೋಣ ಎಂಬುದು ನಮ್ಮ ಸೂಚನೆ.

ಒಂದನೆಯದು, ಮುಂಗಾರಿ ಬಿ.ಟಿ. ಹತ್ತಿ ಜನವರಿ ಕೊನೆಯೊಳಗೆ ಹೊಲ ಬಿಡಬೇಕು. ಮತ್ತೆ ನೀರು ಬಿಟ್ಟು ಎರಡನೇ ಫಸಲು ತೆಗೆಯುವುದು ಬೇಡ. ಹಿಂಗಾರಿ ಜವಾರಿ ಹತ್ತಿ ಹಾಕುವವರಿಗೆ ತಾರೀಖು ಬೇರೆ ಬೇಕಾಗುತ್ತದೆ. ಅದನ್ನು ಹಿಟ್ನಳ್ಳಿ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿ ಗೊತ್ತು ಮಾಡೋಣ.

ಎರಡನೆಯದು, ಕೊನೆಯ ಬಿಡಿಸುವಿಕೆ ಆದ ಕೂಡಲೆ ಕುರಿ ಹಿಂಡು ಬಿಟ್ಟು ಉಳಿದ ಎಳೆಗಾಯಿ ಮೇಯಿಸಬೇಕು. ಔಷಧ ಹೊಡೆದು ದಿನ ಕಳೆದಿರದ ಹೊಲಕ್ಕೆ ಮಾತ್ರ ಕುರಿ ಬಿಡಬಾರದು. ಆಮೇಲೆ ಗಿಡ ಕಿತ್ತು, ಪುಡಿ ಮಾಡಿ ತಿಪ್ಪೆಗೋ ಮಣ್ಣಿಗೋ ಸೇರಿಸಬೇಕು. ಒಲೆಗೆ ಬೇಕೆಂದು ಹತ್ತಿಕಟಗಿ ಒಟ್ಟಿದರೆ ಮಳೆಗಾಲಕ್ಕೆ ಮುಂಚೆ ತೀರಿಸಬೇಕು. ಬೇಸಿಗೆಯಲ್ಲಿ ಆಳವಾಗಿ ಉತ್ತು ನೆಲಕ್ಕೆ ಬಿಸಿಲು ತೋರಿಸಬೇಕು.

ಮೂರನೆಯದು ಕಾಳಿನ ವಿಷಯ. ಕಲೆ ಬಿದ್ದ, ಹುಳ ತಿಂದ ಅರಳೆಯನ್ನು ಬೇರೆ ಬಿಡಿಸಿ ಬೇಗ ಸಾಗಿಸಬೇಕು. ಎಮ್ಮೆಗೆ ಹಾಕುವ ಹತ್ತಿಕಾಳನ್ನು ಎಲ್ಲಿಂದಲೋ ತಂದು ಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಇಡಬಾರದು. ಬಿಸಿಲಿಗೆ ಒಣಗಿಸಿ, ಮುಚ್ಚಿಟ್ಟು, ಮಳೆಗಾಲದೊಳಗೆ ತೀರಿಸಬೇಕು. ಬಿಲ್ಲಿಲ್ಲದ ಬೀಜ ಬಿತ್ತಲೇಬಾರದು. ಬಿ.ಟಿ. ಅಲ್ಲದ ಬೀಜ ಪಾಕೀಟಿನೊಂದಿಗೆ ಬಂದರೆ ಅದನ್ನು ಎಸೆಯಬಾರದು.

ನಾಲ್ಕನೆಯದು, ಅಲ್ಪಾವಧಿ ತಳಿಯನ್ನು ಜೂನ್ ಮಳೆ ನೋಡಿಕೊಂಡು ಎಲ್ಲರೂ ಹೆಚ್ಚುಕಡಿಮೆ ಒಂದೇ ಹದಿನೈದು ದಿನದಲ್ಲಿ ಬಿತ್ತಬೇಕು. ನೀರಿದೆಯೆಂದು ಏಪ್ರಿಲ್-ಮೇದಲ್ಲಿ ಬಿತ್ತಿದವನ ಹೊಲವೇ ಹುಳಕ್ಕೆ ಮೊದಲನೇ ಪಂಕ್ತಿಯ ಊಟ.

ಐದನೆಯದು, ಎಕರೆಗೆ ಎರಡು ಮೋಹಕ ಬಲೆ ಕಟ್ಟಿ ಪತಂಗ ಎಣಿಸಬೇಕು. ಒಂದು ಬಲೆಗೆ ರಾತ್ರಿಗೆ ಎಂಟರಂತೆ ಮೂರು ರಾತ್ರಿ ಬಿದ್ದರೆ, ಇಲ್ಲವೆ ಇಪ್ಪತ್ತು ಹಸಿಗಾಯಿ ಒಡೆದಾಗ ಎರಡರಲ್ಲಿ ಹುಳ ಸಿಕ್ಕರೆ, ಆಗ ಔಷಧದ ಮಾತು. ಅದೂ ಕೃಷಿ ಇಲಾಖೆಯವರನ್ನು ಕೇಳಿ, ಬಾಯಿ-ಮೂಗು ಕಟ್ಟಿಕೊಂಡು, ಗಾಳಿಯ ದಿಕ್ಕು ನೋಡಿಕೊಂಡು. ಯವತಮಾಳದ ಮನೆಗಳ ದುಃಖ ನಮ್ಮ ಮನೆಗಳಿಗೆ ಬರುವುದು ಬೇಡ.

ಇಲ್ಲಿ ಒಂದು ಕಠಿಣ ಪ್ರಶ್ನೆ ಇದೆ. ಅದನ್ನು ಮುಚ್ಚಿಟ್ಟು ಮಾತು ಮುಗಿಸಿದರೆ ನ್ಯಾಯ ಆಗುವುದಿಲ್ಲ. ಎರಡು ಎಕರೆಯವನಿಗೆ ಫೆಬ್ರುವರಿಯಲ್ಲಿ ಸಿಗುವ ಒಂದೆರಡು ಕ್ವಿಂಟಲ್ ಅರಳೆ ಸಣ್ಣದಲ್ಲ. "ಹೊಲ ನಂದು, ಗಿಡ ನಂದು, ಕೀಳು ಅನ್ನಾಕ ನೀವ್ಯಾರು?" ಎಂದು ಅವನು ಕೇಳಿದರೆ ತಪ್ಪೆನ್ನಲಾಗದು. ಈಗ ತುಬಚಿ-ಬಬಲೇಶ್ವರ, ಮುಳವಾಡ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಬಂದಿದೆ. ನೀರಿದ್ದಾಗ ಗಿಡ ಇನ್ನೊಂದು ತಿಂಗಳು ನಿಲ್ಲಲಿ ಎಂದು ಆಸೆ ಹುಟ್ಟುವುದು ಸಹಜ. ಆದರೆ ಹುಳಕ್ಕೆ ಒಡ್ಡು ಕಾಣುವುದಿಲ್ಲ. ಒಬ್ಬ ಉಳಿಸಿಕೊಂಡ ಗಿಡ ಮುಂದಿನ ವರ್ಷ ಹತ್ತು ಮಂದಿಯ ಹೊಲಕ್ಕೆ ಹುಳದ ತವರುಮನೆ, ಆ ಹತ್ತರಲ್ಲಿ ಮೊದಲನೆಯದು ಅವನದೇ.

ಕಟ್ಟುಪಾಡು ಬಡವನ ಬೆನ್ನ ಮೇಲಷ್ಟೇ ಬೀಳಬಾರದು. ಇಲ್ಲಿಯೇ ಸಂಘದ ಕೆಲಸ ಇದೆ. ಗಿಡ ಪುಡಿ ಮಾಡುವ ಯಂತ್ರವನ್ನು ಸಂಘ ತಂದು ಸಣ್ಣ ಹಿಡುವಳಿಯವರಿಗೆ ಕಡಿಮೆ ಬಾಡಿಗೆಗೆ, ಮೊದಲ ಸರದಿಯಲ್ಲಿ ಕೊಡಬೇಕು. ಬಲೆಗಳನ್ನು ಸಗಟು ದರದಲ್ಲಿ ಕೊಂಡು ಹಂಚಬೇಕು. ನೀರಿದ್ದವರು ಹತ್ತಿ ಕಿತ್ತ ಹೊಲಕ್ಕೆ ಬೇಸಿಗೆಯ ಬೇರೆ ಬೆಳೆ ಹಾಕಲು ಬೀಜ-ಗೊಬ್ಬರದ ಸಾಲ ಸಕಾಲಕ್ಕೆ ಸಿಗಬೇಕು. ವಿಜಯಪುರದ ಜಿನ್ನಿನವರ ಹತ್ತಿರ ನಮ್ಮ ನಿಯೋಗ ಹೋಗಿ, ಆವಾರದಲ್ಲಿ ಮೋಹಕ ಬಲೆ ಹಾಕಿರಿ, ಕಾಳಿನ ರಾಶಿಯನ್ನು ಮಳೆಗಾಲದವರೆಗೆ ಬಯಲಲ್ಲಿ ಬಿಡಬೇಡಿರಿ ಎಂದು ವಿನಂತಿ ಮಾಡಬೇಕು. ಒಬ್ಬೊಬ್ಬ ರೈತ ಹೋದರೆ ಗೇಟಿನಲ್ಲೇ ನಿಲ್ಲಿಸಿಯಾರು, ಸಂಘ ಹೋದರೆ ಕುರ್ಚಿ ಹಾಕ್ತಾರ.

ನಮ್ಮ ಭಾಗದ ದ್ರಾಕ್ಷಿ ಬೆಳೆಗಾರರನ್ನು ನೋಡಿರಿ. ಅಕ್ಟೋಬರ್ ಚಾಟ್ನಿಯ ತಾರೀಖನ್ನು ಪಂಚಾಂಗ ನೋಡಿದ ಹಾಗೆ ನೋಡ್ತಾರ. ಗಿಡದ ಮೇಲೆ ಹಸಿರು ಇದ್ದರೂ ಕತ್ತರಿ ಹಾಕ್ತಾರ, ಯಾಕಂದರೆ ಮುಂದಿನ ಗೊನೆ ಕಣ್ಣ ಮುಂದೆ ಇರ್ತದ. ಹತ್ತಿಗೂ ಅಂಥದೇ ಒಂದು ತಾರೀಖು ಬೇಕು. ಈ ಸಭೆಯಲ್ಲಿ ಅದು ಠರಾವಾಗಲಿ, ಸಂಘದ ಫಲಕದ ಮೇಲೆ ಬರೆಯಲ್ಪಡಲಿ, ಡಂಗುರ ಸಾರಲ್ಪಡಲಿ. ಪಕ್ಕದ ಊರುಗಳ ಸಂಘಗಳಿಗೂ ಪತ್ರ ಹೋಗಲಿ, ಯಾಕಂದರೆ ನಮ್ಮ ಸೀಮೆಯ ಕಲ್ಲು ನೋಡಿ ಹುಳ ತಿರುಗಿ ಹೋಗುವುದಿಲ್ಲ.

ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎಂಬ ಮಾತಿನ ಮೇಲೆ ಸಹಕಾರ ನಿಂತಿದೆ. ಇಷ್ಟು ವರ್ಷ ದುಡ್ಡಿನ ವಿಷಯದಲ್ಲಿ ಅದನ್ನು ನಡೆಸಿಕೊಂಡು ಬಂದಿದ್ದೇವೆ. ಇನ್ನು ಹತ್ತಿಕಟಗಿಯ ವಿಷಯದಲ್ಲೂ ನಡೆಸೋಣ. ಠರಾವಿನ ಮಾತನ್ನು ಅಧ್ಯಕ್ಷರಿಗೆ ಒಪ್ಪಿಸಿ, ನಮ್ಮ ಮಾತು ಮುಗಿಸುತ್ತೇವೆ.

ಜೈ ಕಿಸಾನ್. ಜೈ ಸಹಕಾರ.