ಇಳಿತದ ಹೊತ್ತಿಗೆ ಅಘನಾಶಿನಿ

ರಜೆ ಬಂತೆಂದರೆ ಗೋಕರ್ಣದ ದಾರಿ ಹಿಡಿಯುವವರು ನಮ್ಮಲ್ಲಿ ಬಹಳ. ಮಹಾಬಲೇಶ್ವರನ ದರ್ಶನ, ಓಂ ಬೀಚು, ಸೂರ್ಯಾಸ್ತ, ಮರುದಿನ ಮುರುಡೇಶ್ವರ. ಅಲ್ಲಿಗೆ ಕರಾವಳಿ ನೋಡಿ ಆಯಿತು. ಹಾಗೆ ಹೋಗುವಾಗ ಮಿರ್ಜಾನಿಗೂ ಕುಮಟೆಗೂ ನಡುವೆ, ಸೇತುವೆಯ ಮೇಲೆ ಕಣ್ಣು ಮಿಟುಕಿಸುವುದರೊಳಗೆ ದಾಟಿಬಿಡುವ ಹೊಳೆಯೊಂದಿದೆ. ಅದು ಅಘನಾಶಿನಿ. ನನ್ನ ಮಟ್ಟಿಗೆ ಆ ಸೀಮೆಯ ಪ್ರವಾಸ ಶುರುವಾಗುವುದೇ ಆ ಹೊಳೆಯ ದಂಡೆಯಲ್ಲಿ.

ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿಯ ಬಳಿ ಕಡಲು ಸೇರುವ ಈ ಹೊಳೆಗೆ ಅಣೆಕಟ್ಟು ಕಟ್ಟಿಲ್ಲ. ಮಳೆಗಾಲದ ಸಿಹಿನೀರು ತಡೆಯಿಲ್ಲದೆ ಇಳಿದು ಬರುತ್ತದೆ, ಉಬ್ಬರದ ಉಪ್ಪುನೀರು ತಡೆಯಿಲ್ಲದೆ ಏರಿ ಬರುತ್ತದೆ. ಎರಡೂ ಬೆರೆಯುವ ಅಳಿವೆಯಲ್ಲಿ ಕಾಂಡ್ಲಾ ಗಿಡಗಳು, ಸೀಗಡಿ, ಏಡಿ, ಮೀನು, ಕೊಕ್ಕರೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು.

ದಸರಾ ರಜೆಗೆ ಹೋದವರು ಮಾಣಿಕಟ್ಟೆಯ ಕಡೆ ಗಜನಿ ಗದ್ದೆಗಳನ್ನು, ಅಂದರೆ ಹೊಳೆಯಂಚಿನ ಉಪ್ಪುನೆಲಕ್ಕೆ ಒಡ್ಡು ಕಟ್ಟಿ ಮಾಡಿದ ಗದ್ದೆಗಳನ್ನು, ನೋಡಬೇಕು. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬಂದ ಬೀಜ ಚೆಲ್ಲುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ. ನೆರೆ ಬಂದು ಕೆಲವು ದಿನ ಮುಳುಗಿದರೂ, ಒಡ್ಡು ಸೋರಿ ಉಪ್ಪುನೀರು ನುಗ್ಗಿದರೂ ಕಗ್ಗ ತಡೆದುಕೊಳ್ಳುತ್ತದೆ. ಕೊಯ್ಲಿನ ಚೆಂದ ನೋಡಿ: ನೀರಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ಯುತ್ತಾರೆ, ದಂಟನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಒಡ್ಡಿನ ಹಲಗೆ ತೆಗೆದು ಹೊಳೆಯ ನೀರು ಬಿಟ್ಟರೆ, ಕೊಳೆಯುವ ಆ ದಂಟೇ ಮೀನು ಸೀಗಡಿಗಳಿಗೆ ಮೇವು. ಒಂದೇ ಗದ್ದೆ, ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು. ಇಷ್ಟು ಸೂಕ್ಷ್ಮದ ಬೇಸಾಯ ಕೂಲಿಯಾಳು ಸಿಗದೆ, ಒಡ್ಡು ಒಡೆದು, ಬರಬರುತ್ತಾ ಕಡಿಮೆಯಾಗಿದೆ. ನೆನೆದರೆ ಸಂಕಟವಾಗುತ್ತದೆ.

ಡಿಸೆಂಬರ್ ರಜೆಯಾದರೆ ಬಳಚಿನ, ಅಂದರೆ ಕೆಸರಲ್ಲಿ ಸಿಗುವ ಚಿಪ್ಪುಮೀನಿನ, ಕಾಲ. ನೀರು ಇಳಿಯುತ್ತಿದ್ದ ಹಾಗೆ ದಂಡೆಯ ಊರುಗಳ ಹೆಂಗಸರು, ಗಂಡಸರು ದೋಣಿ ಹತ್ತಿ ಹೊಳೆಯ ನಡುವಿನ ಮರಳುದಿಬ್ಬಕ್ಕೆ ಹೋಗುತ್ತಾರೆ. ಸೊಂಟದವರೆಗಿನ ನೀರಲ್ಲಿ ಅಂಗಾಲಿನಿಂದ ಕೆಸರು ತಡವುತ್ತಾ ನಡೆಯುವುದು, ಚಿಪ್ಪು ತಾಗಿದಲ್ಲಿ ಬಗ್ಗಿ ಎತ್ತುವುದು, ಬುಟ್ಟಿಗೆ ಹಾಕುವುದು. ಮಾತು, ನಗೆ, ಬೈಗುಳ ಎಲ್ಲ ನಡೆದಿರುತ್ತದೆ. ಕಾಲು ಮಾತ್ರ ತನ್ನ ಕೆಲಸ ಬಿಡುವುದಿಲ್ಲ. ಉಬ್ಬರ ಶುರುವಾಯಿತೋ, ಎಲ್ಲರೂ ದೋಣಿಗೆ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅವರ ದಿನಚರಿಯೂ ಅದರ ಜೊತೆಗೇ ಹೋಗುತ್ತದೆ. ಅಡುಗೆ, ಮಕ್ಕಳ ಶಾಲೆ, ಸಂತೆ, ಎಲ್ಲವನ್ನೂ ಅದಕ್ಕೇ ಹೊಂದಿಸಿಕೊಳ್ಳುತ್ತಾರೆ.

ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ, ಮುಂದೆ ವಾಣಿಜ್ಯ ಬಂದರಿನ ಮಾತು ಬಂದಾಗ, ಈ ಸೀಮೆಯ ಜನ ಬೇಡವೆಂದರು. ಅವರ ದಿನ ಹೇಗೆ ನಡೆಯುತ್ತದೆಂದು ಕಂಡವರಿಗೆ ಆ ವಿರೋಧ ತಾನಾಗಿ ಅರ್ಥವಾಗುತ್ತದೆ. ನಾವು ಕಿಟಕಿಯಿಂದ ನೋಡಿ ಎಷ್ಟು ಹಸಿರು ಎಂದು ಬೆರಗಾಗುತ್ತೇವಲ್ಲ, ಆ ಹಸಿರಿನ ಒಳಗೆ ಒಡ್ಡು ಕಟ್ಟಿದವರು, ಹಲಗೆ ಇಳಿಸುವವರು, ತೆನೆ ಕೊಯ್ಯುವವರು ಇದ್ದಾರೆ. ಅವರನ್ನು ಕಾಣದೆ ಬಂದರೆ ಕರಾವಳಿಯ ಅರ್ಧವೇ ಕಂಡಂತೆ ಎಂದು ನನಗೆ ಅನ್ನಿಸುತ್ತದೆ.

ಹಾಗಾಗಿ ಈ ಸಲ ಹೊರಡುವವರು ಗೋಕರ್ಣ ಮುಗಿಸಿ ತದಡಿಗೆ ಬನ್ನಿ. ಇಳಿತ ಎಷ್ಟು ಹೊತ್ತಿಗೆ ಎಂದು ಧಕ್ಕೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಹೊತ್ತಿಗೆ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ದಾಟಿ. ಬೇಸಿಗೆಯಲ್ಲಿ ಹೋದರೆ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಬಳಿಯುವುದನ್ನೂ ನೋಡಬಹುದು. ಸಿಕ್ಕರೆ ಒಂದಷ್ಟು ಕಗ್ಗದ ಅಕ್ಕಿ ಕೊಂಡು ತನ್ನಿ, ಗಂಜಿಗೆ ಬಹಳ ಚೆನ್ನ.